ಒಲೆಯವರೆಗೆ ಕಾಣುವ ಟೀವಿ

ನಮ್ಮೂರಲ್ಲಿ ಟೀವಿ ಕೊಳ್ಳಲು ಹೋದವರು ಎಷ್ಟು ಇಂಚಿನದು ಎಂದು ಕೇಳುವುದಿಲ್ಲ, ಎಲ್ಲಿಯವರೆಗೆ ಕಾಣುತ್ತದೆ ಎಂದು ಕೇಳುತ್ತಾರೆ. ಮಗಳನ್ನು ಧಾರೆಯೆರೆದು ಕೊಟ್ಟ ಸಂಜೆ ತವರಿನ ಟೀವಿಗೆ ಜೀವ ಬರುತ್ತದೆ, ಅದರಲ್ಲಿ ಬೀಗರ ಪಡಸಾಲೆ ಕಾಣುತ್ತದೆ. ಅವರ ತಲೆಬಾಗಿಲ ಮೇಲಿನ ಗೋಡೆಯಿಂದ ಒಳಗೆ ಇಣುಕಿದ ಹಾಗೆ. ಬೇರೆ ಊರಿನ ಟೀವಿಗಳಲ್ಲಿ ಹಾಡು, ಕುಣಿತ, ಕ್ರಿಕೆಟ್ಟು ಎಲ್ಲ ಬರುತ್ತದಂತೆ. ನಮಗೆ ಅದರ ಗೊಡವೆ ಇಲ್ಲ. ಬರೀ ಗಂಡುಮಕ್ಕಳಿರುವ ಮನೆಯವರು ಟೀವಿ ಕೊಳ್ಳುವುದೇ ಇಲ್ಲ. ಮೂರು ಹೆಣ್ಣು ಕೊಟ್ಟವರ ಮನೆಯಲ್ಲಿ ಮೂರು ಟೀವಿ ಇರುತ್ತವೆ. ಕಂಡದ್ದನ್ನು ಮಾತ್ರ ಬಾಯಿಬಿಟ್ಟು ಆಡುವಂತಿಲ್ಲ. ನಮ್ಮ ಬೀದಿಯ ಒಬ್ಬಾಕೆ, ಅಳಿಯಂದಿರ ಬನಿಯನ್ ಹರಿದಿದೆಯಲ್ಲ ಎಂದು ಬೀಗರೆದುರು ಒಮ್ಮೆ ಅಂದುಬಿಟ್ಟಳು. ಅವಳನ್ನು ಇವತ್ತಿಗೂ ಯಾರೂ ಅರಿಶಿನ ಕುಂಕುಮಕ್ಕೆ ಕರೆಯುವುದಿಲ್ಲ.

ಮೊದಲೆಲ್ಲ ಡಬ್ಬದಂಥ ಟೀವಿಗಳಿದ್ದವು. ಚಿತ್ರ ಚೌಕವಾಗಿರುತ್ತಿತ್ತು. ಪಡಸಾಲೆಯ ನಡುಭಾಗವಷ್ಟೇ ಅದರಲ್ಲಿ ಕಾಣುವುದು, ಅದೂ ಮಸುಕು ಮಸುಕು. ಮಾತು ಕೇಳಿಸುತ್ತಿರಲಿಲ್ಲ, ಬರೀ ಗೊರಗೊರ ಸದ್ದು. ಹಾಗಾಗಿ ಸೊಸೆ ಬಂದ ಮನೆಗಳೆಲ್ಲ ಚೌಕದೊಳಗೆ ಬದುಕುವುದನ್ನು ಕಲಿತಿದ್ದವು. ಸಂಜೆಯಾದರೆ ಸೊಸೆಗೆ ಹೂ ಮುಡಿಸಿ, ಒಳ್ಳೆಯ ಕುರ್ಚಿ ಹಾಕಿ, ಚೌಕದ ನಟ್ಟನಡುವೆ ಕೂರಿಸಿ ಕಾಫಿ ಕೊಡುತ್ತಿದ್ದರು. ನಮ್ಮತ್ತೆಯೂ ಹಾಗೇ ಮಾಡಿದರು. "ಬಾರೇ ಸಿದ್ದಮ್ಮ, ಚೌಕಕ್ಕೆ ಬಾ, ನಿಮ್ಮವ್ವ ನೋಡ್ತಿರ್ತಾಳೆ" ಎಂದು ಕರೆಯುತ್ತಿದ್ದರು. ನಾನು ಹೋಗಿ ನಗುನಗುತ್ತಾ ಕೂರುತ್ತಿದ್ದೆ. ಆ ಚೌಕ ಎಲ್ಲಿಗೆ ಮುಗಿಯುತ್ತದೆ ಎನ್ನುವುದು ನನ್ನ ಗಂಡನಿಗೆ ಬಲು ಚೆನ್ನಾಗಿ ಗೊತ್ತಿತ್ತು. ಸಿಟ್ಟು ಬಂದರೆ ಪಡಸಾಲೆಯಲ್ಲಿ ತುಟಿ ಪಿಟಕ್ಕೆನ್ನುತ್ತಿರಲಿಲ್ಲ, ರಟ್ಟೆ ಹಿಡಿದು ಒಲೆಯ ಹತ್ತಿರಕ್ಕೆ ಕರೆದುಕೊಂಡು ಹೋಗುತ್ತಿದ್ದರು. ನನ್ನ ಅಪ್ಪ ಅವ್ವ ನಾನು ಕಾಫಿ ಕುಡಿಯುವುದನ್ನು ನೋಡುತ್ತಲೇ ಇದ್ದು ನೆಮ್ಮದಿಯಾಗಿ ಕಣ್ಣು ಮುಚ್ಚಿದರು. ವಯಸ್ಸಾದ ಮೇಲೆ ನನ್ನ ಗಂಡನ ಕೈ ಸುಮ್ಮನಾಯಿತು. ಈಗ ಬೀದಿಯಲ್ಲಿ ಯಾರ ಮನೆಯಲ್ಲಿ ಜಗಳವಾದರೂ ನ್ಯಾಯ ಹೇಳಲು ಇವರೇ ಬೇಕು, ತಿಪ್ಪೇಶಪ್ಪನವರೇ ಬೇಕು.

ನಮಗೆ ಒಬ್ಬಳೇ ಮಗಳು, ಚಂದ್ರಿಕಾ. ಎರಡು ಬೀದಿಯಾಚೆ ಪಾತ್ರೆ ಅಂಗಡಿಯ ಪಂಚಾಕ್ಷರಿಗೆ ಕೊಟ್ಟಿದ್ದೇವೆ. ಮದುವೆಯಾದ ಹೊಸದರಲ್ಲಿ ಚಂದ್ರಿ ಚೌಕದ ನಡುವೆಯೇ ಕೂರುತ್ತಿದ್ದಳು. ರೇಷ್ಮೆ ಸೀರೆ, ಮೊಳ ಮಲ್ಲಿಗೆ, ಕೈಯಲ್ಲಿ ಲೋಟ. ಆಮೇಲಾಮೇಲೆ ಅವಳ ಕುರ್ಚಿ ಬಲಕ್ಕೆ ಸರಿಯತೊಡಗಿತು. ನಾನು ಇವರಿಗೆ ತೋರಿಸಿದರೆ, "ಸೆಖೆ ಕಣೇ, ಕಿಟಕಿ ಹತ್ರ ಹಾಕ್ಕೊಂಡಿರ್ತಾಳೆ" ಎಂದರು. ಮುಂದೆ ಅರ್ಧ ಮೈ ಕಾಣುವಂತಾಯಿತು, ಅದಾದ ಮೇಲೆ ಬರೀ ಮೊಣಕೈ. "ಮೊಣಕೈ ಆಡ್ತಾ ಇದೆಯಲ್ಲ, ಚೆನ್ನಾಗೇ ಇದ್ದಾಳೆ ಬಿಡು" ಎಂದರು. ಕಡೆಕಡೆಗೆ ಅದೂ ಹೋಗಿ, ಬಂದವರ ಮುಂದೆ ಕಾಫಿ ಲೋಟ ಇಟ್ಟು ಸರಕ್ಕನೆ ಹಿಂದಕ್ಕೆ ಹೋಗುವ ಒಂದು ಕೈ ಮಾತ್ರ ಉಳಿಯಿತು. ಹಬ್ಬಕ್ಕೆ ಬಂದಾಗ ಕೇಳಿದರೆ, "ಚೆನ್ನಾಗಿದ್ದೀನಿ ಬಿಡವ್ವ" ಎನ್ನುತ್ತಿದ್ದಳು. ಉರಿಬಿಸಿಲಿನಲ್ಲೂ ಮುಂಗೈವರೆಗೆ ತೋಳಿರುವ ರವಿಕೆ ಹಾಕಿಕೊಂಡು ಬರುತ್ತಿದ್ದಳು. ಚೌಕದ ಆಚೆ ಏನಿರುತ್ತದೆಂದು ನನಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಆದರೂ ಕಣ್ಣಾರೆ ಕಾಣಬೇಕಿತ್ತು. ಕಂಡರೆ ಇವರು ಎದ್ದು ಹೋಗಿ ಮಗಳನ್ನು ಕರೆದುಕೊಂಡು ಬರುತ್ತಾರೆ ಎಂದು ನಂಬಿದ್ದೆ. ನಮ್ಮೂರಲ್ಲಿ ಕೊಟ್ಟ ಹೆಣ್ಣನ್ನು ವಾಪಸು ಕರೆತರಬೇಕಾದರೆ ಧಾರೆ ಎರೆದ ಅಪ್ಪನೇ ಹೋಗಿ ಅವಳ ಕೈ ಹಿಡಿದು ಹೊಸ್ತಿಲು ದಾಟಿಸಬೇಕು. ತಾಯಿ ಕರೆದರೆ ಅದು ಲೆಕ್ಕಕ್ಕಿಲ್ಲ.

ಅಷ್ಟರಲ್ಲಿ ಊರಿಗೆ ಚಪ್ಪಟೆ ಟೀವಿ ಬಂತು. ಚೌಕ ಹೋಗಿ ಚಿತ್ರ ಅಡ್ಡಕ್ಕೆ ಅಗಲವಾಯಿತು. ನಮ್ಮ ಡಬ್ಬ ಇನ್ನೂ ಗಟ್ಟಿಮುಟ್ಟಾಗಿತ್ತು. ನಾನು ಊಟ ಬಿಟ್ಟೆ, ಮಾತು ಬಿಟ್ಟೆ, ಕಡೆಗೆ ಇವರು ಬೇಸತ್ತು ಅಂಗಡಿಗೆ ಹೊರಟರು.

ಹಾಲೇಶಿಯ ಅಂಗಡಿಯಲ್ಲಿ ಗೋಡೆ ತುಂಬ ಕಪ್ಪು ಹಲಗೆಗಳ ಹಾಗೆ ಟೀವಿಗಳನ್ನು ತೂಗುಹಾಕಿದ್ದರು. ಅಂಗಡಿಯಲ್ಲಿ ಒಂದೂ ಹತ್ತುವುದಿಲ್ಲ, ಅಂಗಡಿ ಯಾವ ಹೆಣ್ಣಿನ ತವರೂ ಅಲ್ಲವಲ್ಲ. ಹಾಲೇಶಿ ಎಲ್ಲವನ್ನೂ ಬಾಯಲ್ಲೇ ತೋರಿಸುತ್ತಾನೆ. ನಮ್ಮೂರಿನ ಮನೆಗಳೆಲ್ಲ ಒಂದೇ ನಮೂನೆ, ಪಡಸಾಲೆ, ಅದರ ಬಲಕ್ಕೆ ಬಾಗಿಲಿಲ್ಲದ ಅಡುಗೆಮನೆ. ಆದ್ದರಿಂದ ಅವನಿಗೆ ಕಷ್ಟವಿಲ್ಲ.

"ನೋಡಿ ತಿಪ್ಪೇಶಣ್ಣ, ಮೂವತ್ತೆರಡು ತಗೊಂಡ್ರೆ ಸೋಫಾ ತುದಿವರೆಗೆ. ನಲವತ್ಮೂರು ಅಂದ್ರೆ ಅಡುಗೆಮನೆ ಕಟ್ಟೆ ಶುರುವಾಗೋ ತನಕ. ಈ ಐವತ್ತೈದು ಇದೆಯಲ್ಲ, ಇದು ಸೀದಾ ಒಲೆವರೆಗೆ. ಸೌಂಡೂ ಅಷ್ಟೇ, ಪಿಸುಮಾತೂ ಬಿಡಲ್ಲ."

"ಜಾಸ್ತಿ ಹೋಗೋದು ಯಾವುದು?" ಎಂದು ಇವರು ಕೇಳಿದರು.

"ಮೂವತ್ತೆರಡೇ. ತಗೊಂಡೋರು ಒಬ್ರೂ ಕಂಪ್ಲೇಂಟ್ ಹೇಳಿಲ್ಲ, ಕಣ್ತುಂಬ ನಿದ್ದೆ ಮಾಡ್ತಾರೆ."

ನಮ್ಮ ಪಕ್ಕದಲ್ಲಿ ಇನ್ನೊಂದು ಜೋಡಿ ನಿಂತಿತ್ತು. ಹೆಂಗಸು ಸೆರಗಿನ ತುದಿ ಬೆರಳಿಗೆ ಸುತ್ತಿಕೊಳ್ಳುತ್ತಾ, "ತೀರಾ ಕ್ಲಿಯರ್ ಬ್ಯಾಡಪ್ಪ, ನಂಗೆ ಬೀಪಿ ಐತೆ" ಎಂದಳು. ಹಾಲೇಶಿ ತಕ್ಷಣ ರಿಮೋಟ್ ತೆಗೆದು ಒಂದು ಗುಂಡಿ ತೋರಿಸಿದ. "ಇದನ್ನ ಒತ್ತಿಬಿಡಿ ಅಕ್ಕ. ಕಲರ್ ಜಾಸ್ತಿಯಾಗುತ್ತೆ. ಮಗಳು ಎಷ್ಟೇ ಸೊರಗಿರಲಿ, ಕೆಂಪುಕೆಂಪಗೆ ಮೈಕೈ ತುಂಬ್ಕೊಂಡ ಹಾಗೆ ಕಾಣ್ತಾಳೆ." ಆಕೆಯ ಮುಖ ಅರಳಿತು. ಅವರು ಅದನ್ನೇ ಕಟ್ಟಿಸಿಕೊಂಡರು. ನನಗೆ ಮೈಯೆಲ್ಲ ಉರಿಯಿತು. ಮಗಳಿಗೆ ಒಂದು ಲೋಟ ಹಾಲು ಕಳಿಸುವ ಬದಲು ಗುಂಡಿ ಒತ್ತಿ ದಪ್ಪ ಮಾಡಿಕೊಳ್ಳುವ ಜನ.

"ನಮಗೆ ಐವತ್ತೈದು ಕೊಡಪ್ಪ" ಎಂದೆ.

ಇವರು ಗಂಟಲು ಸರಿಮಾಡಿಕೊಂಡು ಪಂಚಾಯ್ತಿಯ ದನಿ ತೆಗೆದರು. ನಮ್ಮ ಗೋಡೆಗೂ ಮಂಚಕ್ಕೂ ಇರುವ ದೂರ ಇಷ್ಟೇ ಇಷ್ಟು, ಅಷ್ಟು ಹತ್ತಿರದಿಂದ ಅಷ್ಟು ದೊಡ್ಡದನ್ನು ನೋಡಿದರೆ ಕಣ್ಣು ಹೋಗುತ್ತದೆ. ಗೋಡೆ ಹಳೇದು, ಭಾರ ತಡೆಯುವುದಿಲ್ಲ. ದೊಡ್ಡ ಟೀವಿ ಹಾಕಿಸಿದರೆ ಬೀಗರು ಏನೆಂದುಕೊಳ್ಳುತ್ತಾರೆ, ನಮ್ಮ ಮೇಲೆ ಅನುಮಾನ ಅಂದುಕೊಳ್ಳುವುದಿಲ್ಲವೇ? ಹಾಲೇಶಿ ಇಬ್ಬರ ಮುಖವನ್ನೂ ನೋಡಿ, "ಹೋಗ್ಲಿ, ನಲವತ್ಮೂರಕ್ಕೆ ಬಂದುಬಿಡಿ. ಅವ್ರ ಮಾತೂ ಆಯ್ತು, ಇವ್ರ ಮಾತೂ ಆಯ್ತು" ಎಂದ.

"ಹ್ಞಾ, ಅದು ನ್ಯಾಯ" ಎಂದರು ಇವರು.

ನಾನು ಇವರ ಹತ್ತಿರ ಹೋಗಿ, ಹಾಲೇಶಿಗೂ ಕೇಳುವ ಹಾಗೆಯೇ ಹೇಳಿದೆ. "ರೀ, ಅಡುಗೆಮನೆ ಕಟ್ಟೇಲಿ ಏನೂ ನಡೆಯಲ್ಲ. ನಡೆಯೋದೆಲ್ಲ ಒಲೆ ಹತ್ರ. ನೀವು ನನ್ನ ಎಲ್ಲಿಗೆ ಎಳ್ಕೊಂಡು ಹೋಗ್ತಿದ್ರಿ ಅಂತ ಇಲ್ಲೇ ಹೇಳ್ಲಾ, ಮನೆಗೆ ಹೋಗಿ ಹೇಳ್ಲಾ?"

ಹಾಲೇಶಿ ಪೆಟ್ಟಿಗೆಗಳ ಕಡೆ ತಿರುಗಿ ಏನೋ ಹುಡುಕುವವನಂತೆ ನಟಿಸಿದ. ಇವರು ಕಪ್ಪು ಗಾಜನ್ನು ನೋಡುತ್ತಲೇ, "ಐವತ್ತೈದೇ ಕಟ್ಟಪ್ಪ" ಎಂದರು. ಮೂವತ್ತು ವರ್ಷದ ಸಂಸಾರದಲ್ಲಿ ನಾನು ಗೆದ್ದದ್ದು ಅದೊಂದೇ ಮಾತು. ಗೆದ್ದೆನೆಂದು ಹಿಗ್ಗಿದೆ ಕೂಡ.

ಟೀವಿಯ ಜೊತೆಗೆ ಹಾಲೇಶಿ ಒಂದು ಪೇಡದ ಪೆಟ್ಟಿಗೆಯನ್ನೂ ಕೊಟ್ಟ. ಅದಕ್ಕೆ ಅಳತೆ ಸಿಹಿ ಎನ್ನುತ್ತಾರೆ. ಹೊಸ ಟೀವಿ ಹಾಕಿಸುವ ಮೊದಲು ಬೀಗರ ಮನೆಗೆ ಸಿಹಿ ಕೊಟ್ಟು ಎಷ್ಟರದು ತಂದೆವೆಂದು ಹೇಳುವುದು ಪದ್ಧತಿ. ಅವರು ಅದಕ್ಕೆ ತಕ್ಕಂತೆ ಮನೆ ಜೋಡಿಸಿಕೊಳ್ಳುತ್ತಾರೆ. ಕುರ್ಚಿ ಸರಿಸುವುದೋ, ಪರದೆ ಕಟ್ಟುವುದೋ, ಸೊಸೆಗೆ ಒಂದು ಹೊಸ ಸೀರೆ ತರುವುದೋ. ಇವರು ಅಂಗಡಿಯಿಂದ ಸೀದಾ ಬೀಗರ ಮನೆಗೇ ಹೋಗೋಣವೆಂದರು. "ನಾಳೆ ಬೆಳಿಗ್ಗೆ ನಾನೇ ಕೊಟ್ಟು ಬರ್ತೀನಿ" ಎಂದು ನಾನು ಪೆಟ್ಟಿಗೆಯನ್ನು ಸೆರಗಿನಡಿ ಹಿಡಿದುಕೊಂಡೆ. ಇವರು ದಾರಿಯುದ್ದಕ್ಕೂ ಗೊಣಗಿದರು.

ಸಂಜೆ ಅಂಗಡಿಯವರು ಬಂದು ಗೋಡೆ ಕೊರೆದು ಟೀವಿ ಹಾಕಿ ಹೋದರು. ನಾನೇ ರಿಮೋಟ್ ಒತ್ತಿದೆ. ಬೀಗರ ಪಡಸಾಲೆ ನಮ್ಮ ಗೋಡೆಯ ತುಂಬ ತೆರೆದುಕೊಂಡಿತು. ಪಂಚಾಕ್ಷರಿ ಸೋಫಾದ ಮೇಲೆ ಕೂತು ಏನೋ ಹೇಳಿಕೊಂಡು ನಗುತ್ತಿದ್ದ. ಅವನ ತಾಯಿ ಗೌರಮ್ಮ ನೆಲದ ಮೇಲೆ ಹೂ ಕಟ್ಟುತ್ತಿದ್ದರು. ಬಲತುದಿಯಲ್ಲಿ, ಒಲೆಯ ಮುಂದೆ, ಚಂದ್ರಿ ರೊಟ್ಟಿ ಬೇಯಿಸುತ್ತಿದ್ದಳು. ಬೆನ್ನು ಕಾಣುತ್ತಿತ್ತು. ಕೈಯೊಂದನ್ನೇ ನೋಡಿಕೊಂಡಿದ್ದ ನನಗೆ ಮಗಳ ಇಡೀ ಬೆನ್ನು ಕಂಡು ಕಣ್ಣು ತುಂಬಿತು. ಇವರು, "ನೋಡಿದ್ಯಾ, ಆರಾಮಾಗಿದ್ದಾಳೆ" ಎಂದರು.

ಪಂಚಾಕ್ಷರಿ ಎದ್ದ. ನಗುತ್ತಲೇ ಎದ್ದ. ಸೋಫಾ ದಾಟಿ, ನಮ್ಮ ಹಳೆಯ ಚೌಕ ಮುಗಿಯುತ್ತಿದ್ದ ಜಾಗ ದಾಟಿದ. ದಾಟಿದ ಕೂಡಲೇ ಅವನ ಮುಖದಿಂದ ನಗು ಹೋಯಿತು. ಒಲೆಯ ಹತ್ತಿರ ಹೋಗಿ ಚಂದ್ರಿಯ ಜಡೆಯನ್ನು ಕೈಗೆ ಸುತ್ತಿಕೊಂಡು ಅವಳ ಹಣೆಯನ್ನು ಗೋಡೆಗೆ ಬಡಿದ. ಮತ್ತೊಮ್ಮೆ ಬಡಿದ. ಅವಳು ಅಯ್ಯೋ ಎನ್ನಲಿಲ್ಲ. ಪಿಸುಮಾತನ್ನೂ ಬಿಡದ ಟೀವಿಯಲ್ಲಿ ಅವಳ ಉಸಿರೂ ಕೇಳಿಸಲಿಲ್ಲ. ಅಭ್ಯಾಸವಾದವರು ಮಾತ್ರ ಹಾಗೆ ಸುಮ್ಮನಿರುತ್ತಾರೆ, ಅದು ನನಗೆ ಗೊತ್ತು. ಗೌರಮ್ಮ ಹೂವಿನಿಂದ ತಲೆಯೆತ್ತದೆ, "ರೊಟ್ಟಿ ಸೀದು ಹೋಗ್ತಿದೆ ನೋಡೇ" ಎಂದರು. ಚಂದ್ರಿ ರೊಟ್ಟಿ ಮಗುಚಿದಳು. ಪಂಚಾಕ್ಷರಿ ತಿರುಗಿ ಬಂದು, ಸೋಫಾ ಹತ್ತಿರವಾಗುತ್ತಿದ್ದಂತೆ ಮುಖಕ್ಕೆ ನಗು ತಂದುಕೊಂಡು, ನಿಲ್ಲಿಸಿದ ಮಾತನ್ನು ಮುಂದುವರಿಸಿದ.

ನಾನು ಇವರನ್ನು ನೋಡಿದೆ. ಮಂಡಿಯ ಮೇಲೆ ಎರಡೂ ಕೈಯಿಟ್ಟುಕೊಂಡು ಕೂತಿದ್ದರು. "ತಪ್ಪಾಯ್ತು ಕಣೇ" ಎಂದರು.

ನನ್ನ ಎದೆ ಒಮ್ಮೆಲೇ ಹಗುರವಾಯಿತು. ಒಲೆಯ ಹತ್ತಿರದ ಅಷ್ಟೂ ವರ್ಷಗಳನ್ನು ಸೇರಿಸಿ ಹೇಳುತ್ತಿದ್ದಾರೆ ಎಂದುಕೊಂಡೆ. ಇಷ್ಟು ಕಾಲಕ್ಕಾದರೂ ಬಾಯಿಂದ ಬಂತಲ್ಲ, ನಾಳೆ ಮಗಳು ಮನೆಗೆ ಬರುತ್ತಾಳೆ ಎಂದುಕೊಂಡೆ. ಅವರ ಕೈಮೇಲೆ ಕೈಯಿಟ್ಟೆ.

"ಸಿಹಿ ಕೊಡದೆ ನೋಡಬಾರದಿತ್ತು" ಎಂದರು. "ಇದು ಕಳ್ಳತನ ಆಯ್ತು. ಬೀಗರಿಗೆ ಯಾವ ಮುಖ ತೋರಿಸೋದು ಈಗ?"

ಕೈ ತೆಗೆದೆ. ಬಾಯಿಗೆ ಬಂದದ್ದನ್ನೆಲ್ಲ ಅಂದೆ. ಬೆಳಿಗ್ಗೆ ಮತ್ತೆ ಕೂತು ಸಮಾಧಾನವಾಗಿಯೇ ಕೇಳಿದೆ, "ಹೋಗಿ ಅವಳ ಕೈ ಹಿಡ್ಕೊಂಡು ಬನ್ನಿ" ಎಂದೆ.

"ಏನಂತ ಹೋಗ್ಲಿ? ಟೀವೀಲಿ ನೋಡ್ದೆ ಅಂತ ಹೇಳ್ಲಾ? ನೀನು ಮೊದ್ಲು ಸಿಹಿ ಕೊಟ್ಟು, ತಡವಾಯ್ತು ಅಂತ ಹೇಳಿ ಬಾ."

"ಕೊಟ್ಟ ಮೇಲೆ ಅಲ್ಲಿಂದಲೇ ಕರೀತೀನಿ. ಟೀವಿ ಹಾಕ್ಕೊಂಡು ಕೂತಿರಿ. ಕರೆದ ತಕ್ಷಣ ಬರಬೇಕು."

ಇವರು ತಲೆಯಾಡಿಸಿದರು. ಹೌದು ಎನ್ನುವ ಹಾಗೇ ಆಡಿಸಿದರು, ಅದನ್ನು ಆಣೆ ಮಾಡಿ ಹೇಳುತ್ತೇನೆ.

ಬೀಗರ ಮನೆಯಲ್ಲಿ ಪಂಚಾಕ್ಷರಿ ಇನ್ನೂ ಅಂಗಡಿಗೆ ಹೊರಟಿರಲಿಲ್ಲ. "ಬನ್ನಿ ಅತ್ತೆ, ಬನ್ನಿ" ಎಂದು ಎದ್ದು ನಿಂತು ಸೋಫಾ ಒರೆಸಿದ. ನಾನು ಕೂರದೆ ಪೇಡದ ಪೆಟ್ಟಿಗೆಯನ್ನು ಟೀಪಾಯಿಯ ಮೇಲಿಟ್ಟೆ. "ಹೊಸ ಟೀವಿ ತಗೊಂಡ್ವಿ. ಐವತ್ತೈದು" ಎಂದೆ.

ಗೌರಮ್ಮನ ಕಣ್ಣು ಪಡಸಾಲೆಯಿಂದ ಹೊರಟು, ಸೋಫಾ ದಾಟಿ, ಕಟ್ಟೆ ದಾಟಿ, ಒಲೆಯ ಹತ್ತಿರ ಹೋಗಿ ನಿಂತಿತು. ನಮ್ಮೂರಿನವರಿಗೆ ಅಷ್ಟು ಹೇಳಿದರೆ ಸಾಕು.

"ಹಾಕ್ಸೋದು ಯಾವಾಗ ಅತ್ತೆ?" ಎಂದು ಪಂಚಾಕ್ಷರಿ ಕೇಳಿದ.

"ನಿನ್ನೆ ಸಂಜೇನೇ ಹಾಕ್ಸಿ ಆಯ್ತು."

ಪಂಚಾಕ್ಷರಿ ಕಿವಿಯವರೆಗೆ ಕೆಂಪಾದ. ಅದು ನಾಚಿಕೆಯೆಂದು ಒಂದು ಗಳಿಗೆ ನಾನು ಭ್ರಮಿಸಿದೆ. ಗೌರಮ್ಮ ಒಂದು ಪೇಡ ಮುರಿದು ಬಾಯಿಗೆ ಹಾಕಿಕೊಂಡು, "ಸಿಹಿ ಕೊಡೋಕೆ ಮುಂಚೆ ನೋಡೋದು ನಿಮ್ಮನೇಲಿ ರೂಢಿನಾ ಬೀಗರೇ? ನಮ್ಮಲ್ಲಿ ಅದಕ್ಕೆ ಬೇರೆ ಹೆಸರಿದೆ" ಎಂದರು.

ಚಂದ್ರಿ ಸೆರಗಿನಲ್ಲಿ ಕೈ ಒರೆಸಿಕೊಳ್ಳುತ್ತಾ ಬಂದು ಕಟ್ಟೆಯ ಬಳಿ ನಿಂತಳು. ಊದಿದ ಹಣೆಯ ಮೇಲೆ ಕೂದಲು ಎಳೆದುಕೊಂಡಿದ್ದಳು. ನಾನು ಅವಳನ್ನು ನೋಡಿ, ಮತ್ತೆ ತಲೆಬಾಗಿಲ ಕಡೆ ತಿರುಗಿ, ಅದರ ಮೇಲಿನ ಬರೀ ಗೋಡೆಯನ್ನು ನೋಡಿ ಗಟ್ಟಿಯಾಗಿ ಕರೆದೆ. "ರೀ, ಕೇಳ್ತಾ ಇದೆಯಾ? ಬನ್ನಿ. ಬಂದು ನಿಮ್ಮ ಮಗಳನ್ನ ಕರ್ಕೊಂಡು ಹೋಗಿ."

ಎಲ್ಲರೂ ಆ ಗೋಡೆಯನ್ನೇ ನೋಡಿದರು. ನಮ್ಮೂರಲ್ಲಿ ಅದನ್ನು ಹಾಗೆ ನೇರವಾಗಿ ನೋಡುವುದೂ ಒಂದು ಅಮರ್ಯಾದೆಯೇ. ಚಂದ್ರಿ ಒಳಗೆ ಹೋದಳು. ಗ್ಯಾಸಿನ ಗುಂಡಿ ತಿರುಗಿಸಿ ಒಲೆ ಆರಿಸಿದಳು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಬಂದು ಅದೇ ಜಾಗದಲ್ಲಿ ನಿಂತು ಬಾಗಿಲನ್ನು ನೋಡತೊಡಗಿದಳು. ಮಗುವಾಗಿದ್ದಾಗ ಶಾಲೆ ಬಿಟ್ಟ ಮೇಲೆ ಅಪ್ಪ ಬರುತ್ತಾರೆಂದು ಹಾಗೇ ನಿಂತಿರುತ್ತಿದ್ದಳು.

ಎರಡು ಬೀದಿ ದೂರ. ಕೋಲೂರಿಕೊಂಡು ಬಂದರೂ ಇಷ್ಟರಲ್ಲಿ ಬರಬಹುದಿತ್ತು. ಗೌರಮ್ಮ ಮರ್ಯಾದೆಗೆ ಕೊಟ್ಟ ಕಾಫಿ ಆರಿ ಕೆನೆ ಕಟ್ಟಿತು. ಬೀದಿಯಲ್ಲಿ ಚಪ್ಪಲಿ ಸದ್ದಾದಾಗಲೆಲ್ಲ ನಾವಿಬ್ಬರೂ ಕತ್ತೆತ್ತಿದೆವು. ತರಕಾರಿಯವನು ಹೋದ, ಪೋಸ್ಟಿನವನು ಹೋದ. ಪಂಚಾಕ್ಷರಿ ಮೆಲ್ಲಗೆ ಮತ್ತೆ ಸೋಫಾದ ಮೇಲೆ ಕೂತು ಕಾಲಿನ ಮೇಲೆ ಕಾಲು ಹಾಕಿಕೊಂಡ. ಅದನ್ನು ನೋಡಿ ಚಂದ್ರಿ ಒಳಗೆ ಹೋಗಿ ಒಲೆ ಹತ್ತಿಸಿದಳು.

"ನೀನು ಹೊರಡವ್ವ. ಅಪ್ಪಂಗೆ ಊಟದ ಹೊತ್ತಾಯ್ತು" ಎಂದಳು.

ಅವಳ ಮೇಲೆ ನನಗೆ ಸಿಟ್ಟು ಬರಲಿಲ್ಲ. ಬೀದಿಯಲ್ಲಿ ಹೇಗೆ ನಡೆದು ಬಂದೆನೋ ತಿಳಿಯದು. ಇವರಿಗೆ ಏನಾದರೂ ಆಗಿರಬಹುದೇ, ಎದೆನೋವು ಬಂದು ಬಿದ್ದಿರಬಹುದೇ ಎಂದು ಕೂಡ ಯೋಚಿಸಿದೆ. ಹಾಗಾಗಿದ್ದರೆ ಸಾಕು ಎಂದು ನಿಜವಾಗಿ ಹಾರೈಸಿದೆ. ಬಂದು ನೋಡಿದರೆ ಗೋಡೆಯ ಮೇಲಿನ ಟೀವಿ ಆರಿತ್ತು. ಇವರು ಮಂಚದ ಮೇಲೆ ಪೇಪರು ಬಿಚ್ಚಿಕೊಂಡು ಕೂತಿದ್ದರು.

"ಕರೆಂಟ್ ಹೋಯ್ತು ಕಣೇ" ಎಂದರು ಪೇಪರಿನಿಂದ ತಲೆಯೆತ್ತದೆ. "ನೀನು ಹೋದ ಸ್ವಲ್ಪ ಹೊತ್ತಿಗೇ ಹೋಯ್ತು. ಏನೂ ಕಾಣಿಸ್ಲಿಲ್ಲ."

ಅವರ ತಲೆಯ ಮೇಲೆ ಫ್ಯಾನು ಗಿರಗಿರ ತಿರುಗುತ್ತಿತ್ತು, ಪೇಪರಿನ ಅಂಚು ಆ ಗಾಳಿಗೆ ಪಟಪಟ ಬಡಿದುಕೊಳ್ಳುತ್ತಿತ್ತು. ನಾನು ಮೇಲೆ ನೋಡಿದ್ದನ್ನು ಅವರೂ ನೋಡಿದರು. ಪೇಪರನ್ನು ಕೈಯಿಂದ ಅದುಮಿ ಹಿಡಿದು, "ಚಂದ್ರಿ ಹೇಗಿದ್ದಾಳೆ?" ಎಂದು ಕೇಳಿದರು.

ನಾನು ಒಳಗೆ ಹೋಗಿ ಬೀರುವಿನಿಂದ ಕೈಗೆ ಸಿಕ್ಕ ಸೀರೆಗಳನ್ನು ಚೀಲಕ್ಕೆ ತುರುಕಿದೆ. ಮಗಳನ್ನು ಕರೆತರುವ ಅಧಿಕಾರ ನನಗಿಲ್ಲ, ಸರಿ. ಆದರೆ ಮನೆಗೆ ಬಂದ ಬೀಗಿತ್ತಿಯನ್ನು ಹೊರಡು ಎನ್ನುವ ಎದೆಗಾರಿಕೆ ನಮ್ಮೂರಲ್ಲಿ ಯಾರಿಗೂ ಇಲ್ಲ, ಅದೂ ಒಂದು ಮರ್ಯಾದೆ. ಈ ಊರಿನ ಮರ್ಯಾದೆಗಳಲ್ಲಿ ನನಗೆ ಉಪಯೋಗಕ್ಕೆ ಬರುವುದು ಅದೊಂದೇ. ಚೀಲ ಹಿಡಿದು ಹೊರಟಾಗ ಇವರು ಹಿಂದೆಯೇ ಬಂದು, "ಎಲ್ಲಿಗೆ ಈಗ? ಕೇಳಿದ್ದಕ್ಕೆ ಉತ್ತರ ಹೇಳಿ ಹೋಗು, ಮಗಳು ಹೇಗಿದ್ದಾಳೆ?" ಎಂದು ದನಿಯೇರಿಸಿದರು.

"ಇನ್ಮೇಲೆ ನಾನೂ ಅಲ್ಲೇ ಇರ್ತೀನಿ, ಅವಳ ಪಕ್ಕದಲ್ಲಿ, ಒಲೆ ಹತ್ರ" ಎಂದೆ. "ಅವನು ಕೈಯೆತ್ತಿದ್ರೆ ಮೊದ್ಲು ನನ್ನ ಮೇಲೆ ಎತ್ತಲಿ. ಇಬ್ರೂ ಹೇಗಿದ್ದೀವಿ ಅಂತ ತಿಳ್ಕೋಬೇಕು ಅನ್ನಿಸಿದ್ರೆ, ಕರೆಂಟ್ ಇದ್ದಾಗ ಹಾಕ್ಕೊಂಡು ನೋಡಿ."